ಬೆಲೆ ಕುಸಿದಿದೆ, ಕಂತು ಹಾಗೇ ಇದೆ: ಮನೆಮಂದಿ ನಡೆಸುವ ಬೇಸಾಯವನ್ನು ಎರಡು ವರ್ಷ ದಾಟಿಸುವುದು ಹೇಗೆ?

ಪ್ರಶ್ನೆ: ಹೊಲದಂಚು

ಎಲ್ಲರಿಗೂ ನಮಸ್ಕಾರ. ಮನೆಯವರೇ ದುಡಿಯುವ ಮಧ್ಯಮ ಹಿಡುವಳಿಯನ್ನು ಲೆಕ್ಕಕ್ಕಿಟ್ಟುಕೊಂಡು ಕೇಳುತ್ತಿದ್ದೇನೆ. ಅರ್ಧ ಜಮೀನಿಗೆ ನೀರಿದೆ, ಅರ್ಧ ಮಳೆಯನ್ನೇ ನಂಬಿದ್ದು. ಮೆಕ್ಕೆಜೋಳ, ಒಂದೆರಡು ಕಾಳು ಬೆಳೆ, ಏಳೆಂಟು ಹಸು. ಟ್ರ್ಯಾಕ್ಟರ್ ಸಾಲ ಒಂದು, ಬೆಳೆ ಸಾಲ ಒಂದು, ಗೊಬ್ಬರದ ಅಂಗಡಿಯ ಬಾಕಿ ಬೇರೆ. ಫಸಲಿನ ಬೆಲೆ ಐದನೇ ಒಂದು ಭಾಗ ಬಿದ್ದು, ಗೊಬ್ಬರ ಡೀಸೆಲ್ ದುಬಾರಿಯಾಗಿ, ಇದೇ ಸ್ಥಿತಿ ಎರಡು ವರ್ಷ ಮುಂದುವರಿಯುತ್ತದೆ ಅಂತ ಇಟ್ಟುಕೊಳ್ಳಿ.

ಇಂಥ ಹೊತ್ತಿನಲ್ಲಿ ಮೊದಲು ಯಾವುದಕ್ಕೆ ಕತ್ತರಿ ಹಾಕಬೇಕು, ಯಾವುದನ್ನು ಏನೇ ಆದರೂ ಮುಟ್ಟಬಾರದು? ಗೊಬ್ಬರ ಕಡಿಮೆ ಮಾಡಬಹುದೇ? ಹಸು ಮಾರುವುದಾದರೆ ಯಾವುದನ್ನು? ಸಾಲ ಕೊಟ್ಟವರ ಹತ್ತಿರ ಯಾವಾಗ ಹೋಗಬೇಕು? "ಖರ್ಚು ಕಡಿಮೆ ಮಾಡಿ, ಮಿಶ್ರ ಬೇಸಾಯ ಮಾಡಿ" ಅನ್ನುವ ಮಾತು ಎಲ್ಲ ಕಡೆ ಸಿಗುತ್ತದೆ. ಲೆಕ್ಕದ ಸಮೇತ ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ಲೆಕ್ಕಪುಸ್ತಕ

ವರ್ಷದ ಕೊನೆಗೆ ನಷ್ಟ ಕಂಡ ಮಾತ್ರಕ್ಕೆ ಯಾವ ಬೇಸಾಯವೂ ಮುಚ್ಚಿಹೋಗುವುದಿಲ್ಲ. ಕಂತು ಕಟ್ಟಬೇಕಾದ ದಿನ, ಬೀಜ ತರಬೇಕಾದ ದಿನ ಕೈ ಖಾಲಿ ಇದ್ದಾಗ ಮುಚ್ಚುತ್ತದೆ. ಹಾಗಾಗಿ ಮೊದಲ ಕೆಲಸ ತಿಂಗಳವಾರು ಹಣದ ಪಟ್ಟಿ. ಒಂದು ಹಾಳೆಯಲ್ಲಿ 12 ಕಂಬ ಎಳೆಯಿರಿ. ಮೇಲೆ ಆ ತಿಂಗಳು ಕೈಗೆ ಬರುವ ದುಡ್ಡು, ಕೆಳಗೆ ಕೈಯಿಂದ ಹೋಗುವ ದುಡ್ಡು. ಫಸಲು ಯಾವ ತಿಂಗಳು ಮಾರಿದಿರಿ ಅನ್ನುವುದು ಇಲ್ಲಿ ಬೇಡ, ಹಣ ಯಾವ ತಿಂಗಳು ಕೈ ಸೇರುತ್ತದೆ ಅನ್ನುವುದನ್ನು ಬರೆಯಿರಿ. ಕೊನೆಯ ಸಾಲಿನಲ್ಲಿ ಹಿಂದಿನ ತಿಂಗಳ ಉಳಿಕೆಯನ್ನೋ ಕೊರತೆಯನ್ನೋ ಸೇರಿಸುತ್ತಾ ಹೋಗಿ. ಉದಾಹರಣೆಗೆ ಸಾವಿರದ ಲೆಕ್ಕದಲ್ಲಿ, ವರ್ಷದ ಕೊನೆಗೆ 5 ಉಳಿಯುತ್ತದೆ ಅಂತ ಕಂಡರೂ ಏಳನೇ ತಿಂಗಳಲ್ಲಿ ಆ ಸಾಲು ಮೈನಸ್ 38ಕ್ಕೆ ಇಳಿದಿರಬಹುದು. ನಿಮಗೆ ಬೇಕಾದ ಕೈಸಾಲ 38. ಅದು ಆರು ತಿಂಗಳು ಮೊದಲೇ ಗೊತ್ತಿದ್ದರೆ ಕಡಿಮೆ ಬಡ್ಡಿಯಲ್ಲಿ ಸಿಗುತ್ತದೆ. ಅದೇ ವಾರ ಗೊತ್ತಾದರೆ ಸಿಕ್ಕ ಬಡ್ಡಿಗೆ ತರಬೇಕು.

ಎರಡನೆಯದು, ಖರ್ಚನ್ನು ಬೇರೆಬೇರೆ ಮಾಡುವುದು. ಬೆಲೆ ಬೀಳುವ ಮೊದಲು ಬೆಳೆಯ ಆದಾಯ 100 ಅಂದುಕೊಳ್ಳಿ. ಬೀಜ, ಗೊಬ್ಬರ, ಡೀಸೆಲ್, ಕೂಲಿಗೆ 55. ಬಡ್ಡಿ, ಕಂತು, ಗೇಣಿಗೆ 25. ಮನೆ ಖರ್ಚು 20. ಯಂತ್ರಗಳ ಸವಕಳಿ, ಅಂದರೆ ವರ್ಷವರ್ಷ ಸವೆದು ಇಳಿಯುವ ಬೆಲೆ, 15. ಒಟ್ಟು 115. ಅಂದರೆ ಒಳ್ಳೆಯ ವರ್ಷದಲ್ಲೇ 15 ಕೊರತೆ ಇತ್ತು, ಆದರೆ ಸವಕಳಿಗೆ ಈಗಲೇ ಯಾರೂ ದುಡ್ಡು ಕೇಳುವುದಿಲ್ಲವಾದ್ದರಿಂದ ಸರಿದೂಗುತ್ತಿತ್ತು. ಈಗ ಆದಾಯ 80ಕ್ಕೆ ಇಳಿಯಿತು. ಬೆಳೆದರೆ 80ರಲ್ಲಿ 55, 25, 20 ಹೋಗಿ 20 ಕೊರತೆ. ಬೇಸರದಿಂದ ಬೀಳು ಬಿಟ್ಟರೆ? ಆದಾಯ ಸೊನ್ನೆ, 25 ಮತ್ತು 20 ತಪ್ಪುವುದಿಲ್ಲ, ಕೊರತೆ 45. ಆದ್ದರಿಂದ ಬೆಳೆಯಲೇಬೇಕು. ಫಸಲಿನ ಬೆಲೆ ಬೀಜ, ಗೊಬ್ಬರ, ಡೀಸೆಲ್, ಕೂಲಿಯ ಖರ್ಚಿಗಿಂತ ಹೆಚ್ಚಿರುವವರೆಗೂ ಬಿತ್ತನೆ ನಿಲ್ಲಿಸುವುದು ನಷ್ಟದ ಬಾಬತ್ತು.

ಆದರೆ ಈ ಲೆಕ್ಕವನ್ನು ಇಡೀ ಜಮೀನಿಗೆ ಒಟ್ಟಿಗೆ ಹಾಕಿದರೆ ಸಾಲದು, ಹೊಲಹೊಲಕ್ಕೂ ಹಾಕಬೇಕು. ನೀರಿನ ಹೊಲ 90 ಕೊಡುತ್ತಿದ್ದು, ಮಣ್ಣು ತೆಳುವಾದ ಮೇಲಿನ ಹೊಲ 55 ಹಾಕಿಸಿಕೊಂಡು 48 ಕೊಡುತ್ತಿದ್ದರೆ, ಆ ಮೇಲಿನ ಹೊಲಕ್ಕೆ ಮೆಕ್ಕೆಜೋಳ ಬೇಡ. ಅಲ್ಲಿ ಕಡಿಮೆ ಖರ್ಚಿನ ಕಾಳು ಬೆಳೆಯೋ ಮೇವೋ ಬರಲಿ. ಸರಾಸರಿಯ ಹಿಂದೆ ಅಡಗಿ ಕೂರುವ ಇಂಥ ಹೊಲವೊಂದು ಪ್ರತಿ ಹಿಡುವಳಿಯಲ್ಲೂ ಇರುತ್ತದೆ.

ಕೂಲಿಯವರನ್ನೇ ನಂಬಿದ ದೊಡ್ಡ ತೋಟ ನಿಂತುಹೋಗುವ ಬೆಲೆಯಲ್ಲೂ ಮನೆಮಂದಿಯ ಬೇಸಾಯ ನಡೆಯುತ್ತದೆ. ರಷ್ಯಾದ ಕೃಷಿ ಅರ್ಥಶಾಸ್ತ್ರಜ್ಞ ಅಲೆಕ್ಸಾಂಡರ್ ಚಯಾನೊವ್ 1920ರ ದಶಕದಲ್ಲೇ ಇದನ್ನು ವಿವರಿಸಿದ್ದರು: ಮನೆಯವರ ದುಡಿಮೆಗೆ ಶನಿವಾರ ಸಂಬಳ ಕೊಡಬೇಕಾಗಿಲ್ಲ, ಹೊಟ್ಟೆಬಟ್ಟೆ ಕಟ್ಟಿ ಇನ್ನಷ್ಟು ದುಡಿದು ದಾಟಿಬಿಡುತ್ತಾರೆ. ಇದು ಶಕ್ತಿ, ಅಪಾಯವೂ ಹೌದು. ಮೈಮುರಿದು ದುಡಿಯುವುದರಿಂದ ತಪ್ಪು ಲೆಕ್ಕ ವರ್ಷಗಟ್ಟಲೆ ಕಣ್ಣಿಗೆ ಬೀಳುವುದೇ ಇಲ್ಲ. ಸವಕಳಿಯನ್ನೂ ಎರಡು ಮೂರು ವರ್ಷಕ್ಕಿಂತ ಹೆಚ್ಚು ಮುಂದೂಡಲಾಗದು. ಇನ್ನೊಂದು ಎಚ್ಚರ: ಮುಂದೂಡಬೇಕಾದದ್ದು ಹೊಸ ಯಂತ್ರವನ್ನು. ಎಂಜಿನ್ ಆಯಿಲ್, ಏರ್ ಫಿಲ್ಟರ್, ಗ್ರೀಸ್, ಪಂಪಿನ ವಾಷರ್, ಡ್ರಿಪ್ ಫಿಲ್ಟರ್ ತೊಳೆಯುವುದು, ಇವನ್ನು ಮುಂದೂಡಿದರೆ ಬಿತ್ತನೆಯ ದಿನವೇ ಟ್ರ್ಯಾಕ್ಟರ್ ನಿಲ್ಲುತ್ತದೆ. ಒಂದು ವಾರ ತಡವಾಗಿ ಬಿತ್ತಿದ ನಷ್ಟದ ಮುಂದೆ ಆಯಿಲ್ ಖರ್ಚು ಏನೂ ಅಲ್ಲ.

ಉತ್ತರ: ಕರಿಮಣ್ಣು

ಗೊಬ್ಬರದ ಪ್ರಶ್ನೆಗೆ ಬರುತ್ತೇನೆ. ಎಲ್ಲವನ್ನೂ ಸಮನಾಗಿ ಅರ್ಧ ಮಾಡುವುದು ಅತಿ ಕೆಟ್ಟ ದಾರಿ. ಸಾರಜನಕ, ರಂಜಕ, ಪೊಟ್ಯಾಷ್ ಮಣ್ಣಿನಲ್ಲಿ ಒಂದೇ ಥರ ನಡೆದುಕೊಳ್ಳುವುದಿಲ್ಲ. ರಂಜಕ ಮತ್ತು ಪೊಟ್ಯಾಷ್ ಬಹುಪಾಲು ಮಣ್ಣುಗಳಲ್ಲಿ ಉಳಿಯುತ್ತವೆ. ವರ್ಷಗಟ್ಟಲೆ ಡಿಎಪಿ (ಸಾರಜನಕ, ರಂಜಕ ಎರಡೂ ಇರುವ ಗೊಬ್ಬರ) ಸುರಿದ ಹೊಲದಲ್ಲಿ ರಂಜಕ ಹೆಚ್ಚು ಅಂತ ವರದಿ ಬಂದರೆ ಒಂದೆರಡು ವರ್ಷ ಅದನ್ನು ನಿಲ್ಲಿಸಿದರೂ ಇಳುವರಿ ಬೀಳುವುದಿಲ್ಲ. ಸಾರಜನಕ ಹಾಗಲ್ಲ, ನೀರಿನ ಜೊತೆ ಕೆಳಗಿಳಿಯುತ್ತದೆ, ಗಾಳಿಗೂ ಹೋಗುತ್ತದೆ. ಅದನ್ನು ಮೆಕ್ಕೆಜೋಳದಂಥ ಬೆಳೆಗೆ ಪ್ರತಿ ಸಲವೂ ಕೊಡಬೇಕು.

ಆದ್ದರಿಂದ ಖರ್ಚು ಕಡಿತ ಮಣ್ಣು ಪರೀಕ್ಷೆಯಿಂದ ಶುರುವಾಗಲಿ. ಹೊಲದಲ್ಲಿ ಅಂಕುಡೊಂಕಾಗಿ ನಡೆದು 15ರಿಂದ 20 ಕಡೆ ಮಣ್ಣು ತೆಗೆಯಿರಿ. ಮೇಲಿನ ಕಸ ಸರಿಸಿ, ಇಂಗ್ಲಿಷಿನ 'ವಿ' ಆಕಾರದಲ್ಲಿ 15 ಸೆಂ.ಮೀ. ಆಳದ ಗುಂಡಿ ತೋಡಿ, ಅದರ ಗೋಡೆಯಿಂದ ಮೇಲಿಂದ ಕೆಳಗಿನವರೆಗೆ ಒಂದೇ ದಪ್ಪದ ಹೋಳು ಕೆತ್ತಬೇಕು. ಬದು, ಮರದ ಬುಡ, ಗೊಬ್ಬರದ ಗುಡ್ಡೆ ಇದ್ದ ಜಾಗ, ನೀರು ನಿಲ್ಲುವ ತಗ್ಗು ಇವನ್ನು ಬಿಡಿ. ಎಲ್ಲವನ್ನೂ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಲಸಿ, ಹರಡಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಎಸೆಯುತ್ತಾ ಅರ್ಧ ಕಿಲೋಗೆ ತನ್ನಿ. ನೆರಳಲ್ಲಿ ಒಣಗಿಸಿ. ಗೊಬ್ಬರದ ಚೀಲದಲ್ಲಿ ಮಣ್ಣು ಕಟ್ಟಿ ಕಳಿಸಿದರೆ ವರದಿಯೇ ಸುಳ್ಳಾಗುತ್ತದೆ.

ಕೊಳ್ಳುವಾಗ ಚೀಲದ ಬೆಲೆ ನೋಡಬೇಡಿ, ಒಳಗಿನ ಪೋಷಕಾಂಶದ ಕಿಲೋ ಬೆಲೆ ನೋಡಿ. 50 ಕಿಲೋ ಯೂರಿಯಾದಲ್ಲಿ 46% ಲೆಕ್ಕಕ್ಕೆ 23 ಕಿಲೋ ಸಾರಜನಕ. 50 ಕಿಲೋ ಡಿಎಪಿಯಲ್ಲಿ 9 ಕಿಲೋ ಸಾರಜನಕ, 23 ಕಿಲೋ ರಂಜಕ. ಮ್ಯುರಿಯೇಟ್ ಪೊಟ್ಯಾಷ್ 60% ಇದ್ದರೆ 30 ಕಿಲೋ. ರಂಜಕ ಬೇಡದ ಹೊಲಕ್ಕೆ ಡಿಎಪಿ ಹಾಕಿದರೆ ಆ 23 ಕಿಲೋದ ದುಡ್ಡು ಸುಮ್ಮನೆ ಮಣ್ಣು ಸೇರಿತು.

ಸಾರಜನಕದಲ್ಲಿ ಕೊನೆಯ ಕಂತನ್ನು ಮಾತ್ರ ಪ್ರಶ್ನಿಸಿ. ಉದಾಹರಣೆಗೆ ಹೆಕ್ಟೇರಿಗೆ ಮೊದಲ 40 ಕಿಲೋ ಸಾರಜನಕ 800 ಕಿಲೋ ಮೆಕ್ಕೆಜೋಳದ ಕಾಳು ಹೆಚ್ಚಿಸಿತು, ಎರಡನೇ 40 ಕಿಲೋ 400, ಮೂರನೇ 40 ಕಿಲೋ ಬರೀ 120 ಅನ್ನಿ. ಅಂದರೆ ಒಂದು ಕಿಲೋ ಸಾರಜನಕಕ್ಕೆ ಕ್ರಮವಾಗಿ 20, 10, 3 ಕಿಲೋ ಕಾಳು. ಒಂದು ಕಿಲೋ ಸಾರಜನಕದ ಬೆಲೆ ನಾಲ್ಕು ಕಿಲೋ ಕಾಳಿನ ಬೆಲೆಗೆ ಸಮ ಇದ್ದರೆ ಮೂರನೇ ಕಂತು ನಷ್ಟ. ಕಾಳಿನ ಬೆಲೆ ಅರ್ಧಕ್ಕೆ ಬಿದ್ದು ಆ ಅನುಪಾತ ಎಂಟಾದರೂ ಎರಡನೇ ಕಂತು ದುಡ್ಡು ಹುಟ್ಟಿಸುತ್ತದೆ. ಎಷ್ಟೇ ಕಷ್ಟ ಬಂದರೂ ಮೊದಲೆರಡು ಕಂತು ನಿಲ್ಲಿಸಬೇಡಿ.

ಹಾಕಿದ ಯೂರಿಯಾ ಉಳಿಸುವುದೂ ಉಳಿತಾಯವೇ. ಬಿಸಿಲಲ್ಲಿ ಒದ್ದೆ ಮಣ್ಣಿನ ಮೇಲೆ ಎರಚಿ ಹಾಗೇ ಬಿಟ್ಟರೆ ಅಮೋನಿಯಾ ಆಗಿ ಹಾರುತ್ತದೆ. ಎಡೆ ಹೊಡೆದು ಮುಚ್ಚಿ, ಇಲ್ಲವೇ ಹಾಕಿದ ಬೆನ್ನಿಗೇ ನೀರು ಕೊಡಿ.

ಬೀಜದಲ್ಲಿ ಹೈಬ್ರಿಡ್ ಅಲ್ಲದ ಭತ್ತ, ಗೋಧಿ, ಕಾಳು ಬೆಳೆಗಳಿಗೆ ಮನೆಯ ಬೀಜ ಸಾಕು. ಹೈಬ್ರಿಡ್ ಮೆಕ್ಕೆಜೋಳದ ಕಾಳನ್ನು ಮರುಬಿತ್ತನೆ ಮಾಡಬೇಡಿ. ಮುಂದಿನ ಪೀಳಿಗೆಯಲ್ಲಿ ಗಿಡ ಒಂದರಂತೆ ಒಂದಿರುವುದಿಲ್ಲ, ಇಳುವರಿ ಬೀಳುತ್ತದೆ. ಮನೆ ಬೀಜವಾದರೆ ಒದ್ದೆ ಬಟ್ಟೆಯಲ್ಲಿ 100 ಕಾಳು ಸುತ್ತಿಟ್ಟು ಏಳನೇ ದಿನ ಎಣಿಸಿ. 80 ಮೊಳೆತರೆ ಬಿತ್ತನೆ ಪ್ರಮಾಣ ಕಾಲು ಭಾಗ ಹೆಚ್ಚಿಸಿ. 70ಕ್ಕಿಂತ ಕಡಿಮೆಯಾದರೆ ಆ ಬೀಜ ಬೇಡ, ಮೊಳೆತ ಸಸಿಯೂ ಬಲಹೀನವಾಗಿರುತ್ತದೆ.

ಉತ್ತರ: ಮುಂಗಾರುಬಿತ್ತನೆ

ಕರಿಮಣ್ಣು ಸರ್ ಹೇಳಿದ್ದಕ್ಕೆ ಒಂದು ತಿದ್ದುಪಡಿ. ರಂಜಕ ನಿಲ್ಲಿಸಬಹುದು ಅನ್ನುವುದು ಎಲ್ಲ ಮಣ್ಣಿಗೂ ಒಪ್ಪುವುದಿಲ್ಲ. ಹುಳಿ ಹೆಚ್ಚಿರುವ ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ರಂಜಕವನ್ನು ಹಿಡಿದುಕೊಂಡುಬಿಡುತ್ತವೆ. ಮಣ್ಣಿನ ಹುಳಿ ಅಳೆಯುವ ಪಿಎಚ್ 5.5ಕ್ಕಿಂತ ಕೆಳಗಿದ್ದರೆ ಮೊದಲ ದುಡ್ಡು ಸುಣ್ಣಕ್ಕೆ ಹೋಗಲಿ, ಆಮೇಲೆ ಗೊಬ್ಬರ. ಅಂಥ ಹೊಲದಲ್ಲಿ ರಂಜಕವನ್ನು ಎರಚಬಾರದು. ಬೀಜದ ಸಾಲಿನಿಂದ 5 ಸೆಂ.ಮೀ. ಪಕ್ಕಕ್ಕೆ, 5 ಸೆಂ.ಮೀ. ಕೆಳಕ್ಕೆ ಪಟ್ಟಿಯಾಗಿ ಬಿದ್ದರೆ ಕಡಿಮೆ ಪ್ರಮಾಣದಲ್ಲೇ ಕೆಲಸ ಆಗುತ್ತದೆ. ಬೀಜಕ್ಕೆ ತಾಗಿದರೆ ಮೊಳಕೆ ಸುಡುತ್ತದೆ.

ಉತ್ತರ: ಕೊಟ್ಟಿಗೆ

ಹಸುಗಳ ವಿಷಯ ನಾನು ಹೇಳುತ್ತೇನೆ. ದುಡ್ಡು ಬಿಗಿಯಾದಾಗ ಎರಡು ತಪ್ಪು ಹೆಜ್ಜೆ ಸಾಮಾನ್ಯ. ಒಂದು, ಒಳ್ಳೆ ಬೆಲೆ ಸಿಗುತ್ತದೆ ಅಂತ ಅತ್ಯುತ್ತಮ ಹಸುವನ್ನೇ ಮಾರುವುದು. ಇನ್ನೊಂದು, ಎಲ್ಲ ಹಸುಗಳ ಹಿಂಡಿಯನ್ನೂ ಒಂದೇ ಸಮ ಇಳಿಸುವುದು. ಎರಡೂ ಹಾಲಿನ ದುಡ್ಡನ್ನು ಬುಡದಿಂದ ಕತ್ತರಿಸುತ್ತವೆ.

ಮಾರುವ ಸಾಲು ಹೀಗಿರಲಿ: ಕರು ಹಾಕಿ 200 ದಿನ ದಾಟಿದರೂ ಗಬ್ಬ ನಿಲ್ಲದ, ಹಾಲೂ ಇಳಿದಿರುವ ಹಸು ಮೊದಲು. ಆಮೇಲೆ ಕೆಚ್ಚಲು ಬಾವು ಪದೇ ಪದೇ ಬರುವುದು, ಒಂದು ಮೊಲೆ ಬತ್ತಿಹೋದದ್ದು. ಆಮೇಲೆ ಕಾಲು ಕುಂಟುವುದು. ಗಬ್ಬದ ಕಡಸನ್ನು ಕೊನೆಯವರೆಗೂ ಇಟ್ಟುಕೊಳ್ಳಿ. ಮಾರುವ ಮೊದಲು ಗಬ್ಬ ಪರೀಕ್ಷೆ ಮಾಡಿಸಿ, ಖಾಲಿ ಅಂದುಕೊಂಡ ಹಸು ಎಷ್ಟೋ ಸಲ ಮೂರು ತಿಂಗಳ ಗಬ್ಬ ಇರುತ್ತದೆ. ಏಳರಲ್ಲಿ ಎರಡು ಹೋದರೆ ಉಳಿದ ಐದಕ್ಕೆ ಮನೆಯ ಮೇವೇ ಸಾಲಬಹುದು. ಆಗ ಹೊರಗಿನಿಂದ ಕೊಳ್ಳುವ ಒಣಮೇವು ನಿಲ್ಲುತ್ತದೆ. ಎಲ್ಲವನ್ನೂ ಮಾರಬೇಡಿ. ಲೆಕ್ಕಪುಸ್ತಕ ಅವರ ಪಟ್ಟಿಯಲ್ಲಿ ಮೈನಸ್ ಆಗುವ ತಿಂಗಳುಗಳನ್ನು ತುಂಬುವುದು ಹಾಲಿನ ದುಡ್ಡೇ.

ಹಾಲಿನ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೇವು ಮತ್ತು ಹಿಂಡಿಯದು, ಹಾಗಾಗಿ ಕತ್ತರಿ ಅಲ್ಲಿಗೇ ಬೀಳುತ್ತದೆ. ಆದರೆ ಕರು ಹಾಕಿದ ಮೊದಲ 100 ದಿನ ಹಿಂಡಿ ಇಳಿಸಬಾರದು. ಆಗ ಹಸು ತನ್ನ ಮೈ ಕರಗಿಸಿ ಹಾಲು ಕೊಡುತ್ತಿರುತ್ತದೆ. ಏರು ಹಾಲಿನಲ್ಲಿ ದಿನಕ್ಕೆ ಒಂದು ಲೀಟರ್ ಕಡಿಮೆಯಾದರೆ ಆ ಇಡೀ ಸೂಲಿನಲ್ಲಿ ಸುಮಾರು 200 ಲೀಟರ್ ಹೋಯಿತು. ಮೈ ಇಳಿದ ಹಸು ಬೆದೆಗೂ ಬರುವುದಿಲ್ಲ, ಮುಂದಿನ ಕರು ತಿಂಗಳುಗಟ್ಟಲೆ ತಡ. ಹಿಂಡಿ ಇಳಿಸುವುದಾದರೆ ಸೂಲಿನ ಕೊನೆಯಲ್ಲಿರುವ, ಮೈದುಂಬಿದ ಹಸುವಿಗೆ ಇಳಿಸಿ. ಅಂದಾಜಿಗೆ, ಒಳ್ಳೆ ಹಸಿಮೇವು ಇದ್ದಾಗ ಎರಡೂವರೆಯಿಂದ ಮೂರು ಲೀಟರ್ ಹಾಲಿಗೆ ಒಂದು ಕಿಲೋ ಪಶು ಆಹಾರ. ಪ್ರತಿ ಹಸುವಿನ ಹಾಲನ್ನು ವಾರಕ್ಕೊಮ್ಮೆ ಅಳೆದು ಬರೆಯದಿದ್ದರೆ ಇದನ್ನು ಪಾಲಿಸಲು ಆಗುವುದೇ ಇಲ್ಲ. ದಿನವಿಡೀ ಎದುರಿಗೆ ನೀರು ಇಟ್ಟರೆ ಹಾಲು ಏರುತ್ತದೆ, ಅದಕ್ಕೆ ಖರ್ಚಿಲ್ಲ.

ಬೆಲೆ ಬಿದ್ದ ಮೆಕ್ಕೆಜೋಳವನ್ನು ಒಂದು ಹೊಲದಷ್ಟು ರಸಮೇವು (ಸೈಲೇಜ್, ಗುಂಡಿಯಲ್ಲೋ ಚೀಲದಲ್ಲೋ ಗಾಳಿಯಾಡದಂತೆ ಹುದುಗಿಸಿಟ್ಟ ಹಸಿಮೇವು) ಮಾಡುವುದು ಒಳ್ಳೆಯ ದಾರಿ. ಕಾಳು ಹಾಲು ತುಂಬಿ ಗಟ್ಟಿಯಾಗುತ್ತಿರುವಾಗ ಕೊಯ್ದು ಒಂದೆರಡು ಸೆಂ.ಮೀ. ತುಂಡು ಮಾಡಿ. ತುಂಡರಿಸಿದ್ದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಅರ್ಧ ನಿಮಿಷ ಹಿಡಿದು ಕೈ ಬಿಚ್ಚಿ ನೋಡಿ. ಬೆರಳ ಸಂದಿಯಲ್ಲಿ ರಸ ಇಳಿದು ಉಂಡೆ ಹಾಗೇ ನಿಂತರೆ ನೀರು ಹೆಚ್ಚು. ಆ ಮೇವು ಕೊಳೆತು ನಾರುತ್ತದೆ. ತಕ್ಷಣ ಪುಡಿಯಾಗಿ ಉದುರಿದರೆ ಒಣಗಿಹೋಗಿದೆ. ಎಷ್ಟು ತುಳಿದರೂ ಗಾಳಿ ಹೋಗದೆ ಬೂಷ್ಟು ಹಿಡಿಯುತ್ತದೆ. ಅಂಗೈ ಬರೀ ತೇವವಾಗಿ, ಉಂಡೆ ನಿಧಾನಕ್ಕೆ ಬಿಚ್ಚಿಕೊಂಡರೆ ಒಣಾಂಶ 30ರಿಂದ 35% ಇದೆ, ಸರಿಯಾದ ಹದ. ಅರ್ಧ ಅಡಿ ದಪ್ಪದ ಪದರಗಳಾಗಿ ತುಳಿದು ತುಂಬಿ, ಪ್ಲಾಸ್ಟಿಕ್ ಹೊದಿಸಿ, ಮೇಲೆ ಭಾರ ಹೇರಿ. ಒಂದು ತಿಂಗಳ ನಂತರ ತೆಗೆಯಬಹುದು. ತೆರೆದ ಮೇಲೆ ಮುಖದಿಂದ ದಿನವೂ ಒಂದು ಪದರ ಖಾಲಿ ಆಗಬೇಕು, ಇಲ್ಲದಿದ್ದರೆ ಬಿಸಿಯಾಗಿ ಕೆಡುತ್ತದೆ. ಐದು ಹಸುವಿಗೆ ಅಗಲವಾದ ಗುಂಡಿ ಬೇಡ, ಸಣ್ಣ ಚೀಲಗಳೇ ವಾಸಿ.

ಉತ್ತರ: ಅಸಲುಬಡ್ಡಿ

ಸಾಲದ ವಿಷಯದಲ್ಲಿ ಸಮಯವೇ ಮುಖ್ಯ. ಕಂತು ತಪ್ಪಿದ ಮೇಲೆ ಹೋದವರಿಗೆ ಸಿಗುವ ಮಾತು ಬೇರೆ, ಮೂರು ನಾಲ್ಕು ತಿಂಗಳು ಮೊದಲೇ ಪಟ್ಟಿ ಹಿಡಿದು ಹೋದವರಿಗೆ ಸಿಗುವ ಮಾತು ಬೇರೆ. ತಿಂಗಳವಾರು ಹಣದ ಪಟ್ಟಿ, ಆಸ್ತಿ ಮತ್ತು ಸಾಲದ ಪೂರ್ತಿ ವಿವರ, ಹಿಂದಿನ ಮೂರು ವರ್ಷದ ಮಾರಾಟದ ಚೀಟಿಗಳು, ನೀವೇ ಮಾಡಿಕೊಂಡಿರುವ ಖರ್ಚು ಕಡಿತ, ಇಷ್ಟು ತೆಗೆದುಕೊಂಡು ಹೋಗಿ. ಅಂಗಡಿ ಬಾಕಿಯನ್ನೂ ಮುಚ್ಚಿಡಬೇಡಿ.

ಏನು ಕೇಳಬೇಕು ಅನ್ನುವುದಕ್ಕೆ ಲೆಕ್ಕ: 100ರ ಸಾಲಕ್ಕೆ 10% ಬಡ್ಡಿಯಲ್ಲಿ 5 ವರ್ಷಕ್ಕೆ ವರ್ಷದ ಕಂತು 26.4. ಅದನ್ನೇ 10 ವರ್ಷಕ್ಕೆ ಮಾಡಿದರೆ 16.3. ಮೊದಲ 5 ವರ್ಷ ಪ್ರತಿ ವರ್ಷ 10 ಕೈಯಲ್ಲಿ ಉಳಿಯಿತು, ಆದರೆ ಒಟ್ಟು ಕಟ್ಟುವುದು 132ರ ಬದಲು ಸುಮಾರು 163. ಉಸಿರಾಡಲು ಜಾಗ ಬೇಕಿದ್ದರೆ ಈ ಬೆಲೆ ಕೊಡಬಹುದು, ಅವಧಿಗೆ ಮೊದಲೇ ತೀರಿಸಿದರೆ ದಂಡ ಇರಬಾರದು ಅನ್ನುವ ಷರತ್ತನ್ನು ಮಾತ್ರ ಬರೆಸಿಕೊಳ್ಳಿ. ಒಂದೆರಡು ವರ್ಷ ಬಡ್ಡಿ ಮಾತ್ರ ಕಟ್ಟುವ ಅವಕಾಶ ಸಿಕ್ಕರೆ ಅದೂ ಒಳ್ಳೆಯದೇ. ಮುಖ್ಯವಾಗಿ ಬೆಳೆ ಸಾಲದ ದುಡ್ಡಿನಲ್ಲಿ ಯಂತ್ರದ ಕಂತು ಕಟ್ಟುವುದನ್ನು ನಿಲ್ಲಿಸಿ. ವರ್ಷದೊಳಗೆ ತೀರಿಸಬೇಕಾದ ಸಾಲವನ್ನು ಹತ್ತು ವರ್ಷ ಬಾಳುವ ವಸ್ತುವಿಗೆ ಹಾಕಿದರೆ ಮುಂದಿನ ಬಿತ್ತನೆಗೆ ಬಂಡವಾಳವೇ ಇರುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಬಡ್ಡಿಯ ಸಾಲ, ಸಾಮಾನ್ಯವಾಗಿ ಅಂಗಡಿಯ ಬಾಕಿಯೇ ಇರುತ್ತದೆ, ಮೊದಲು ತೀರಲಿ. ಗೊಬ್ಬರದ ಬಾಕಿಗೆ ಜಮೀನಿನ ಪತ್ರ ಅಡವಿಡುವುದು ಮಾತ್ರ ಬೇಡವೇ ಬೇಡ.

ಟ್ರ್ಯಾಕ್ಟರ್ ಇಟ್ಟುಕೊಳ್ಳಬೇಕೇ ಅನ್ನುವುದಕ್ಕೂ ಸೂತ್ರ ಇದೆ. ವರ್ಷದ ಸ್ಥಿರ ಖರ್ಚನ್ನು, ಅಂದರೆ ಬಡ್ಡಿ, ಸವಕಳಿ, ವಿಮೆ ಸೇರಿದ ಮೊತ್ತವನ್ನು, ಬಾಡಿಗೆ ದರ ಮತ್ತು ಸ್ವಂತ ಓಡಿಸುವ ಖರ್ಚಿನ ವ್ಯತ್ಯಾಸದಿಂದ ಭಾಗಿಸಿ. ಸ್ಥಿರ ಖರ್ಚು 120, ಬಾಡಿಗೆ ಹೆಕ್ಟೇರಿಗೆ 8, ಸ್ವಂತ ಡೀಸೆಲ್ ಇತ್ಯಾದಿ 3 ಆದರೆ 120ನ್ನು 5ರಿಂದ ಭಾಗಿಸಿ 24 ಹೆಕ್ಟೇರ್. ಒಂದೇ ಹೊಲವನ್ನು ಎರಡು ಸಲ ಉತ್ತರೆ ಎರಡು ಸಲ ಎಣಿಸಬೇಕು. ನಿಮ್ಮ ಕೆಲಸ ಅದಕ್ಕಿಂತ ತೀರಾ ಕಡಿಮೆ ಇದ್ದರೆ ಮಾರಿ ಸಾಲ ತೀರಿಸುವುದೇ ಲೇಸು, ಅಥವಾ ಪಕ್ಕದ ಎರಡು ಮನೆಯವರ ಜೊತೆ ಸೇರಿ ಇಟ್ಟುಕೊಳ್ಳಿ. ಪಾಲುಗಾರಿಕೆ ಮುರಿಯುವುದು ಬಿತ್ತನೆಯ ವಾರದಲ್ಲಿ. ಯಾರ ಹೊಲ ಮೊದಲು, ಡೀಸೆಲ್ ಯಾರು ತುಂಬಬೇಕು, ಕೆಟ್ಟರೆ ರಿಪೇರಿ ಯಾರದು, ಇವನ್ನು ಮೊದಲೇ ಬರೆದಿಡಿ.

ಜಮೀನಿನ ಬೆಲೆ ಏರುತ್ತಿದೆ ಅಂತ ಅದರ ಮೇಲೆ ಸಾಲ ಎತ್ತುವುದರ ಪರಿಣಾಮ ಅಮೆರಿಕದಲ್ಲಿ 1980ರ ದಶಕದಲ್ಲಿ ಕಂಡಿತು. ಅಯೋವಾ ರಾಜ್ಯದಲ್ಲಿ ಜಮೀನಿನ ಬೆಲೆ 1981ರಿಂದ 1986ರೊಳಗೆ 60%ಕ್ಕಿಂತ ಹೆಚ್ಚು ಬಿತ್ತು, ಬಡ್ಡಿ ದರ ಎರಡಂಕಿಯಲ್ಲಿತ್ತು. ಚೆನ್ನಾಗಿ ಬೆಳೆಯುತ್ತಿದ್ದ ಮನೆತನಗಳೂ ಜಮೀನು ಕಳೆದುಕೊಂಡವು. ಕೊನೆಗೆ 1986ರಲ್ಲಿ ಅಲ್ಲಿನ ದಿವಾಳಿ ಕಾನೂನಿಗೆ ಕುಟುಂಬ ರೈತರಿಗೆಂದೇ 12ನೇ ಅಧ್ಯಾಯ ಸೇರಿಸಿ, ಜಮೀನು ಉಳಿಸಿಕೊಂಡು ಮೂರರಿಂದ ಐದು ವರ್ಷದಲ್ಲಿ ಸಾಲ ತೀರಿಸುವ ದಾರಿ ಮಾಡಿದರು. ನ್ಯೂಜಿಲೆಂಡಿನಲ್ಲಿ 1984ರಿಂದ ಸಬ್ಸಿಡಿಗಳನ್ನು ತೆಗೆದಾಗ ಬಹಳ ಮಂದಿ ಬೇಸಾಯ ಬಿಡುತ್ತಾರೆ ಅಂತ ಭಯವಿತ್ತು, ಬಲವಂತವಾಗಿ ಬಿಡಬೇಕಾಗಿ ಬಂದವರು ನೂರಕ್ಕೆ ಒಬ್ಬರ ಆಸುಪಾಸು. ಉಳಿದವರು ಗೊಬ್ಬರ ಮತ್ತು ಯಂತ್ರದ ಖರೀದಿ ಕಡಿಮೆ ಮಾಡಿ, ಸಾಲವನ್ನು ಮರುಹೊಂದಿಸಿಕೊಂಡು, ಕುರಿಯ ಸಂಖ್ಯೆ ಇಳಿಸಿ ದಾಟಿದರು.

ಹೊಲದಂಚು

ಎಲ್ಲರಿಗೂ ಧನ್ಯವಾದ. ಇನ್ನೆರಡು ಸಂಶಯ. ಬೆಲೆ ಬರಲಿ ಅಂತ ಮೆಕ್ಕೆಜೋಳ ದಾಸ್ತಾನು ಮಾಡುವುದು ಒಳ್ಳೆಯದೇ? ಮನೆಯಲ್ಲಿ ಒಬ್ಬರು ಹೊರಗೆ ಕೆಲಸಕ್ಕೆ ಹೋಗುವುದು ಸರಿಯೇ?

ಉತ್ತರ: ಮುಂಗಾರುಬಿತ್ತನೆ

ದಾಸ್ತಾನು ಅಂದರೆ ಸಾಲ ತೆಗೆದು ಮಾಡುವ ವ್ಯಾಪಾರ ಅಂತ ತಿಳಿಯಿರಿ. ನಿಮ್ಮ ಸಾಲದ ಬಡ್ಡಿ ತಿಂಗಳಿಗೆ 1% ಇದ್ದು ಐದು ತಿಂಗಳು ಇಟ್ಟರೆ 5 ಹೋಯಿತು, ಹುಳು ಮತ್ತು ತೂಕದ ಇಳಿಕೆಗೆ ಇನ್ನೊಂದು 3 ಹಾಕಿ. ಬೆಲೆ ಎಂಟು ಒಂಬತ್ತು ಶೇಕಡ ಏರಿದರೂ ನಿಮಗೆ ಏನೂ ಉಳಿಯಲಿಲ್ಲ. ಕಂತಿಗೆ ಬೇಕಾದಷ್ಟನ್ನು ಕೊಯ್ಲಿಗೇ ಮಾರಿ, ಮೂರನೇ ಒಂದು ಭಾಗವನ್ನು ಮಾತ್ರ ಇಡಿ.

ಇಡುವುದಾದರೆ ತೇವಾಂಶ 12-13%ಕ್ಕೆ ಇಳಿದಿರಬೇಕು. ಮೀಟರ್ ಇಲ್ಲದಿದ್ದರೆ ಪೂರ್ತಿ ಒಣಗಿದ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಕಾಳು, ಎರಡು ಮೂರು ಚಮಚ ಒಣ ಉಪ್ಪು ಹಾಕಿ ಒಂದು ನಿಮಿಷ ಕುಲುಕಿ ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವಾಂಶ 15%ಕ್ಕಿಂತ ಹೆಚ್ಚು, ಇನ್ನೂ ಒಣಗಬೇಕು. ಅಂಟದಿದ್ದರೆ ಇನ್ನೆರಡು ಬಿಸಿಲು ಕೊಟ್ಟು ಗಾಳಿಯಾಡದ ಚೀಲಕ್ಕೆ ತುಂಬಿ. ಚೀಲದಲ್ಲಿ ಒಂದು ಸಣ್ಣ ತೂತು ಇದ್ದರೂ ಹುಳು ಬದುಕುತ್ತದೆ.

ಒಣಗಿಸಿದರೆ ತೂಕ ಇಳಿಯುವುದನ್ನೂ ಎಣಿಸಿ. 18% ತೇವದ 100 ಕಿಲೋ ಕಾಳು 12%ಕ್ಕೆ ಬಂದಾಗ 82ನ್ನು 0.88ರಿಂದ ಭಾಗಿಸಿದರೆ 93.2 ಕಿಲೋ. ಹಸಿ ಕಾಳಿಗೆ ವ್ಯಾಪಾರಿ ಮುರಿದುಕೊಳ್ಳುವುದು 6.8% ಮತ್ತು ಒಣಗಿಸುವ ಕೂಲಿ ಸೇರಿದ್ದಕ್ಕಿಂತ ಕಡಿಮೆ ಇದ್ದರೆ ಹಸಿಯಾಗಿಯೇ ಕೊಟ್ಟುಬಿಡಿ.

ಉತ್ತರ: ಲೆಕ್ಕಪುಸ್ತಕ

ಹೊರಗಿನ ಕೆಲಸ ಸರಿಯೇ, ಬಹಳ ಮನೆಗಳು ನಿಂತಿರುವುದೇ ಅದರ ಮೇಲೆ. ಆದರೆ ಯಾರು ಹೋಗಬೇಕು ಅನ್ನುವುದನ್ನು ಸಂಬಳದಿಂದ ಮಾತ್ರ ತೀರ್ಮಾನಿಸಬೇಡಿ. ಅವರು ಬಿಟ್ಟ ಕೆಲಸಕ್ಕೆ ಕೂಲಿ ಎಷ್ಟು ಬೀಳುತ್ತದೆ, ಓಡಾಟಕ್ಕೆ ಎಷ್ಟು, ಎರಡನ್ನೂ ಕಳೆದು ಉಳಿಯುವುದನ್ನು ನೋಡಿ. ಹಸುವಿನ ಬೆದೆ ಗುರುತಿಸುವವರು, ಹಾಲು ಕರೆಯುವವರು ಹೋದರೆ ಸಂಬಳಕ್ಕಿಂತ ಹೆಚ್ಚು ಹೋಗುತ್ತದೆ. ವರ್ಷವಿಡೀ ತಿಂಗಳಿಗೊಮ್ಮೆ ಬರುವ ಸಣ್ಣ ಸಂಬಳ ಮನೆ ಖರ್ಚಿನ 20ರಲ್ಲಿ 12 ತುಂಬಿದರೂ ನಿಮ್ಮ ಪಟ್ಟಿಯ ಮೈನಸ್ ಅಷ್ಟು ಮೇಲೆ ಬರುತ್ತದೆ.

ಆ ಪಟ್ಟಿಯನ್ನು ಮನೆಯ ದೊಡ್ಡವರೆಲ್ಲರ ಮುಂದೆ ಇಟ್ಟೇ ಬರೆಯಿರಿ. ಸಾಲದ ಮೊತ್ತ ಒಬ್ಬರಿಗೆ ಮಾತ್ರ ಗೊತ್ತಿರುವ ಮನೆಯಲ್ಲಿ ಉಳಿದವರು ಹಳೆಯ ಲೆಕ್ಕದಲ್ಲೇ ಖರ್ಚು ಮಾಡುತ್ತಾರೆ, ಆ ಒಬ್ಬರು ಒಳಗೊಳಗೇ ಕುಸಿಯುತ್ತಾರೆ. ನಿದ್ದೆ ಬಿಟ್ಟು, ಊಟ ಬಿಟ್ಟು, ಮಾತು ಕಡಿಮೆ ಮಾಡಿದವರು ಮನೆಯಲ್ಲಿದ್ದರೆ ಸಾಲದ ಪತ್ರ ಬದಿಗಿಡಿ, ಮೊದಲು ಅವರನ್ನು ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಒಂಟಿಯಾಗಿ ಬಿಡಬೇಡಿ, ಕೀಟನಾಶಕದ ಡಬ್ಬಿಗಳನ್ನು ಬೀಗದೊಳಗೆ ಇಡಿ.

ಹೊಲದಂಚು

ಸರಿ ಸರ್. ಮಣ್ಣಿನ ಮಾದರಿ ಮತ್ತು ತಿಂಗಳ ಪಟ್ಟಿ, ಎರಡನ್ನೂ ಬಿತ್ತನೆಗೆ ಮೊದಲೇ ಮುಗಿಸಬೇಕು ಅಂದಂತಾಯಿತು. ಪಟ್ಟಿಯಲ್ಲಿ ಮುಂದಿನ ವರ್ಷದ ಬೆಲೆ ಎಷ್ಟು ಅಂತ ಹಾಕಬೇಕು?

ಉತ್ತರ: ಲೆಕ್ಕಪುಸ್ತಕ

ಮೂರು ಪಟ್ಟಿ ಮಾಡಿ. ಒಂದರಲ್ಲಿ ಇವತ್ತಿನ ಬೆಲೆ, ಇನ್ನೊಂದರಲ್ಲಿ ಅದಕ್ಕಿಂತ 15% ಕಡಿಮೆ, ಮೂರನೆಯದರಲ್ಲಿ ಇವತ್ತಿನ ಬೆಲೆಯೇ ಆದರೆ ಇಳುವರಿ ಕಾಲು ಭಾಗ ಕಡಿಮೆ. ಸಾಲ ಕೇಳುವುದು ಮೂರರಲ್ಲಿ ಅತಿ ಕೆಳಗಿಳಿಯುವ ತಿಂಗಳ ಲೆಕ್ಕಕ್ಕೆ. ಬೆಲೆ ಏರುತ್ತದೆ ಅನ್ನುವ ಪಟ್ಟಿ ಬೇಡ, ಏರಿದರೆ ಆ ದುಡ್ಡು ಅಂಗಡಿಯ ಬಾಕಿಗೆ ಹೋಗಲಿ.